ಮೂರನೇ ಪ್ರತಿ

ನಾನು ಜೀವಮಾನದಲ್ಲಿ ಬರೆದದ್ದರಲ್ಲಿ ಹೆಚ್ಚಿನದು ಕಾಫಿ ಪೆಟ್ಟಿಗೆಗಳ ಮೇಲಿನ ವಿಳಾಸ, ಮತ್ತೆ ಆ ಪೆಟ್ಟಿಗೆಗಳ ಜೊತೆ ಹೋಗಬೇಕಾಗಿದ್ದ ಸುಂಕದ ಕಾಗದ. ನನಗೆ ಬರೆಯುವ ಆಸೆಯೇನೂ ಇರಲಿಲ್ಲ. ನಮ್ಮ ಅಪ್ಪ ಶಾಲೆಯ ಮೇಷ್ಟ್ರು. ಗಂಡುಮಕ್ಕಳಿಲ್ಲದ್ದಕ್ಕೆ ನನ್ನನ್ನೇ ಕೂರಿಸಿಕೊಂಡು ಇಂಗ್ಲಿಷ್ ತಿದ್ದಿಸಿದ್ದರು. ಅಕ್ಷರ ಗುಂಡಗೆ ಬರುತ್ತಿತ್ತು. ಅದು ಮುಂದೆ ನನ್ನ ತಲೆಗೇ ಬರುತ್ತದೆಂದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಮದುವೆಯಾಗಿ ಏಳೆಂಟು ವರ್ಷದ ಮೇಲೆ ನನ್ನ ಗಂಡನ ಕೆಲಸ ಹೋಯಿತು. ಕಳಸದ ದಾರಿಯಲ್ಲಿದ್ದ ಒಂದು ಎಸ್ಟೇಟಿನಲ್ಲಿ ಅವರು ಹಾಜರಿ, ಲೆಕ್ಕ ಬರೆಯುವ ರೈಟರ್ ಆಗಿದ್ದರು. ತೋಟದ ದೊರೆ ವಯಸ್ಸಾಯಿತೆಂದು ತೋಟ ಮಾರಿ ವಿಲಾಯಿತಿಗೆ ಹೊರಟುಹೋದ. ಕೊಂಡವರು ತಮ್ಮ ಕಡೆಯ ಜನರನ್ನೇ ತಂದು ಕೂರಿಸಿದರು. ನಾವು ಮೂಡಿಗೆರೆಗೆ ಬಂದು ಪೇಟೆಯಲ್ಲಿ ಎರಡು ಕೋಣೆಯ ಮನೆ ಬಾಡಿಗೆಗೆ ಹಿಡಿದೆವು. ಆರು ತಿಂಗಳು ಕಳೆದಿರಬೇಕು, ಆ ದೊರೆಯಿಂದ ಒಂದು ಕಾಗದ ಬಂತು. ಅಲ್ಲಿ ಅಂಗಡಿಯಲ್ಲಿ ಸಿಗುವ ಕಾಫಿ ಬಾಯಿಗೆ ಇಡುವ ಹಾಗಿಲ್ಲ, ನಮ್ಮ ಬೆಟ್ಟದ ಒಳ್ಳೆ ಕಾಫಿ ಕಾಳು ಒಂದು ಪೆಟ್ಟಿಗೆ ಕಳಿಸಲು ಆಗುತ್ತದೆಯೇ, ದುಡ್ಡು ಮೊದಲೇ ಕಳಿಸುತ್ತೇನೆ ಎಂದು ಬರೆದಿದ್ದ.

ಹೀಗೆ ಶುರುವಾಯಿತು ನಮ್ಮ ವ್ಯಾಪಾರ. ವ್ಯಾಪಾರ ಎನ್ನಲು ನಾಚಿಕೆಯಾಗುವಷ್ಟು ಸಣ್ಣದು. ಒಬ್ಬ ದೊರೆ ಇನ್ನೊಬ್ಬನಿಗೆ ಹೇಳಿ, ಅವನು ಮತ್ತೊಬ್ಬನ ಹೆಂಡತಿಗೆ ಹೇಳಿ, ಒಂದೊಂದಾಗಿ ಹತ್ತು ಹನ್ನೆರಡು ಮನೆಗಳಾದವು. ಎಲ್ಲರೂ ಒಂದು ಕಾಲದಲ್ಲಿ ಈ ಬೆಟ್ಟಗಳಲ್ಲಿ ತೋಟ ಮಾಡಿ ಹೋದವರು, ಮುದುಕರು. ನನ್ನ ಗಂಡ ಅತ್ತಿಗುಂಡಿಯ ಕಡೆ, ಕಳಸದ ಕಡೆ ಎರಡು ಮೂರು ಎಕರೆ ಇಟ್ಟುಕೊಂಡ ಸಣ್ಣ ಬೆಳೆಗಾರರ ಹತ್ತಿರ ಪಾರ್ಚ್‌ಮೆಂಟ್, ಅಂದರೆ ಒಳಸಿಪ್ಪೆ ಸಮೇತ ಒಣಗಿಸಿದ ಕಾಫಿ, ಕೊಂಡು, ಸಿಪ್ಪೆ ಬಿಡಿಸಿ, ಕಾಳು ಆರಿಸಿ ತರುತ್ತಿದ್ದರು. ಕಾಫಿ ವಿಚಾರದಲ್ಲಿ ಅವರ ಕಣ್ಣು ತಪ್ಪುತ್ತಿರಲಿಲ್ಲ. ಒಳಗೆ ತಗಡು ಬಡಿದ ಮರದ ಪೆಟ್ಟಿಗೆಗೆ ತುಂಬಿ, ಮೇಲೆ ದಪ್ಪ ಬಟ್ಟೆ ಹಾಕಿ ಹೊಲಿಯುವುದು ನನ್ನ ಕೆಲಸ. ವಿಳಾಸ ಬರೆಯುವುದೂ ನನ್ನ ಕೆಲಸ. ಪೆಟ್ಟಿಗೆಗಳು ಲಾರಿಯಲ್ಲಿ ಚಾರ್ಮಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗುತ್ತಿದ್ದವು. ಅಲ್ಲಿ ಒಬ್ಬ ಏಜೆಂಟರು ಹಡಗಿಗೆ ಹತ್ತಿಸುತ್ತಿದ್ದರು.

ಮೊದಲ ವರ್ಷ ಎಲ್ಲವೂ ಸುಲಭ ಎಂದೇ ತಿಳಿದಿದ್ದೆವು. ಕಳಿಸಿದೆವು, ಮುಟ್ಟಿತು, ಮುಗಿಯಿತು. ಆಮೇಲೆ ಕಾಗದಗಳು ಬರತೊಡಗಿದವು. ಪೆಟ್ಟಿಗೆ ತಂದವನು ಬಾಗಿಲಲ್ಲಿ ನಿಂತು ಸುಂಕದ ದುಡ್ಡು ಕೇಳಿದ, ಅದನ್ನು ನೀವು ಮೊದಲೇ ಏಕೆ ತಿಳಿಸಲಿಲ್ಲ ಎಂದು ಒಬ್ಬರು. ನಿಮ್ಮ ಬೆಲೆಯಲ್ಲಿ ಎಲ್ಲವೂ ಸೇರಿದೆ ಎಂದುಕೊಂಡಿದ್ದೆವು ಎಂದು ಇನ್ನೊಬ್ಬರು. ಎಲ್ಲ ಕಾಗದಗಳೂ ಬಹಳ ಮರ್ಯಾದೆಯಿಂದ ಬರೆದಂಥವು. ಅದಕ್ಕೇ ಓದಲು ಇನ್ನೂ ಕಷ್ಟವಾಗುತ್ತಿತ್ತು. ನಾನು ಓದಿ ಅರ್ಥ ಹೇಳುವುದು, ನನ್ನ ಗಂಡ ಗೋಡೆ ನೋಡುತ್ತಾ ಕೂರುವುದು.

"ಬೆಲೆ ಕಡಿಮೆ ಬರಿ," ಎಂದರು ಒಂದು ದಿನ. "ಪೆಟ್ಟಿಗೆಯ ಬೆಲೆ ಅರ್ಧ ಅಂತ ಹಾಕು. ಸುಂಕವೂ ಅರ್ಧ ಆಗ್ತದೆ."

"ಅದು ಸುಳ್ಳು ಆಗ್ತದಲ್ಲ."

"ನಮಗೆ ಲಾಭಕ್ಕೆ ಅಲ್ಲವಲ್ಲ. ಆ ಮುದುಕರಿಗೆ."

ನಾನು ಬರೆದೆ. ಆ ಸುಳ್ಳಿನಿಂದ ಯಾರಿಗೂ ಏನೂ ಉಪಯೋಗವಾಗಲಿಲ್ಲ. ವಿಲಾಯಿತಿಯಲ್ಲಿ ಕಾಫಿಗೆ ಸುಂಕ ಹಾಕುವುದು ತೂಕದ ಮೇಲೆ, ಬೆಲೆಯ ಮೇಲಲ್ಲ ಎಂದು ಏಜೆಂಟರು ನಾಲ್ಕು ತಿಂಗಳ ಮೇಲೆ ತಿಳಿಸಿದರು. ಅಷ್ಟರಲ್ಲಿ ಒಂದು ಪೆಟ್ಟಿಗೆ ಹಡಗಿಗೆ ಏರಿಸುವಾಗ ಸಮುದ್ರಕ್ಕೆ ಬಿದ್ದಿತ್ತು. ಹಡಗಿನವರು ಪರಿಹಾರ ಕೊಟ್ಟರು, ನಾವು ಬರೆದಿದ್ದ ಅರ್ಧ ಬೆಲೆಗೆ ಸರಿಯಾಗಿ. ಅಲ್ಲಿಂದ ಮುಂದೆ ನಾವು ಸುಳ್ಳು ಬರೆಯಲಿಲ್ಲ. ಸುಳ್ಳಿನಿಂದ ಗಿಟ್ಟುವುದಿಲ್ಲ ಎಂದು ತಿಳಿದದ್ದರಿಂದ ಬಿಟ್ಟೆವು, ಅಷ್ಟೇ. ಅದನ್ನು ಪ್ರಾಮಾಣಿಕತೆ ಎಂದು ಹೇಳಿಕೊಳ್ಳಲಾರೆ.

ಸುಂಕ ಕಡಿಮೆಯಾಗುವ ಒಂದು ನ್ಯಾಯವಾದ ದಾರಿ ಇದೆ ಎಂದೂ ಆ ಏಜೆಂಟರೇ ಬರೆದಿದ್ದರು. ಕಾಫಿ ಬ್ರಿಟಿಷ್ ಸಾಮ್ರಾಜ್ಯದ ಒಳಗೆ ಬೆಳೆದದ್ದು ಎಂದು ರುಜುವಾತಾದರೆ ಅಲ್ಲಿ ಸುಂಕ ಬಹಳ ಇಳಿಯುತ್ತದೆ. ಅದಕ್ಕೆ ಒಂದು ಸರ್ಟಿಫಿಕೇಟು ಬೇಕು. ಯಾವ ಊರಿನ ಯಾವ ತೋಟದಲ್ಲಿ ಬೆಳೆದದ್ದೆಂದು ಬರೆದು, ಆ ತಾಲ್ಲೂಕಿನ ಸರ್ಕಾರಿ ಅಧಿಕಾರಿಯ ಮುಂದೆ ರುಜು ಆಗಬೇಕು. ಪ್ರತಿ ಪೆಟ್ಟಿಗೆಗೂ ಮೂರು ಪ್ರತಿ. ಒಂದು ಹಡಗಿನ ಜೊತೆಗೆ, ಒಂದು ಏಜೆಂಟರಿಗೆ, ಒಂದು ನಮ್ಮ ಫೈಲಿಗೆ.

ಆ ವರ್ಷದ ಪೆಟ್ಟಿಗೆಗಳೆಲ್ಲ ಅತ್ತಿಗುಂಡಿಯ ಮೇಲಿನ ಒಬ್ಬ ಅಜ್ಜನ ತೋಟದ ಕಾಳು. ನಾನೂ ನನ್ನ ಗಂಡನೂ ಬಸ್ಸಿನಲ್ಲಿ ಚಿಕ್ಕಮಗಳೂರಿಗೆ ಹೋಗಿ, ಬರೆದ ಕಾಗದಗಳನ್ನು ಅಮಲ್ದಾರರ ಕಚೇರಿಯ ಶಿರಸ್ತೆದಾರರ ಮುಂದೆ ಇಟ್ಟೆವು. ಅವರು ಕಾಗದವನ್ನು ಎರಡು ಸಲ ತಿರುವಿ ನೋಡಿದರು.

"ಇದನ್ನ ಬೆಳೆದದ್ದು ನೀವಾ?"

"ಅಲ್ಲ, ಕೊಂಡದ್ದು," ಎಂದರು ನನ್ನ ಗಂಡ.

"ಹಾಗಾದ್ರೆ ಬೆಳೆದವನು ಬರ್ಬೇಕು. ನಾಳೆ ಯಾರಾದ್ರೂ ಕೇಳಿದ್ರೆ ನಾನೇನು ಹೇಳ್ಲಿ?"

ಮರುದಿನ ಬೆಳಿಗ್ಗೆ ಅತ್ತಿಗುಂಡಿಯ ಬೆಟ್ಟ ಹತ್ತಿದೆವು. ನನ್ನ ಗಂಡನಿಗೆ ಮಂಡಿನೋವು, ಅರ್ಧ ದಾರಿಗೆ ಕೂತರು. ಉಳಿದದ್ದನ್ನು ನಾನೊಬ್ಬಳೇ ಹತ್ತಿದೆ. ಅಜ್ಜ ಅಂಗಳದಲ್ಲಿ ಚಾಪೆಯ ಮೇಲೆ ಕಾಫಿ ಹರವಿ ಕಾಲಿನಿಂದ ಎಳೆಯುತ್ತಿದ್ದ. ನಾನು ಬಂದ ವಿಷಯ ಹೇಳಿದೆ.

"ಹೆಬ್ಬೆಟ್ಟು ಒತ್ತಿದ್ರೆ ಕಂದಾಯ ಏರಿಸ್ತಾರಾ?" ಎಂದು ಕೇಳಿದ.

"ಇಲ್ಲ ಅಜ್ಜ. ಅದು ಅಲ್ಲಿ ಸುಂಕ ಕಡಿಮೆ ಆಗೋದಕ್ಕೆ."

"ಎಲ್ಲಿ?"

"ವಿಲಾಯಿತಿಯಲ್ಲಿ. ಕಾಫಿ ಕುಡಿಯೋರಿಗೆ."

ಅವನು ಕಾಲು ನಿಲ್ಲಿಸಿ ನನ್ನನ್ನು ನೋಡಿದ. "ಅಲ್ಲಿ ಕುಡಿಯೋರಿಗೆ ಕಡಿಮೆ ಆಗೋದಕ್ಕೆ ನಾನ್ಯಾಕೆ ಬೆಟ್ಟ ಇಳೀಬೇಕು ಮಾರಾಯ್ತಿ?"

ಸುಂಕ ಇಳಿಯದಿದ್ದರೆ ಅವರು ಕೊಳ್ಳುವುದು ಬಿಡುತ್ತಾರೆ, ಅವರು ಬಿಟ್ಟರೆ ನಾವು ನಿನ್ನ ಕಾಳು ಕೊಳ್ಳುವುದು ಬಿಡಬೇಕಾಗುತ್ತದೆ ಎಂದೆ. ಅವನು ಒಳಗೆ ಹೋಗಿ, ಕಂಬಳಿ ಹೆಗಲಿಗೆ ಹಾಕಿಕೊಂಡು ಬಂದ. ದಾರಿಯಲ್ಲಿ ನನ್ನ ಗಂಡನೂ ಜೊತೆಯಾದರು.

ಶಿರಸ್ತೆದಾರರು ನಮ್ಮನ್ನು ಮಧ್ಯಾಹ್ನ ಕಳೆಯುವವರೆಗೆ ಜಗಲಿಯಲ್ಲಿ ಕೂರಿಸಿದರು. ಒಳಗೆ ಕರೆದಾಗ, ನಾವು ತಂದಿದ್ದ ಮಾದರಿ ಕಾಳನ್ನು ಮೇಜಿನ ಮೇಲೆ ಸುರಿಸಿದರು.

"ಇದು ನಿನ್ನ ತೋಟದ್ದೇ ಅಂತ ಹೇಗೆ ಹೇಳ್ತೀಯ?"

ಅಜ್ಜ ಒಂದು ಕಾಳು ತೆಗೆದು ಹಲ್ಲಿನಲ್ಲಿ ಕಚ್ಚಿ, ಮೂಸಿ, ಮೇಜಿನ ಮೇಲೆ ಇಟ್ಟ. "ನಂದೇ ಸ್ವಾಮಿ. ನಾನು ಚಾಪೆ ಮೇಲೆ ಒಣಗಿಸೋದು. ಸಗಣಿ ನೆಲದ ಮೇಲೆ ಒಣಗಿಸಿದ್ದಕ್ಕೆ ಬೇರೆ ವಾಸನೆ ಬರ್ತದೆ."

ಶಿರಸ್ತೆದಾರರೂ ಒಂದು ಕಾಳು ಮೂಸಿದರು. ಅವರಿಗೆ ಏನು ಗೊತ್ತಾಯಿತೋ ತಿಳಿಯದು. ಹೆಬ್ಬೆಟ್ಟಿಗೆ ಶಾಯಿ ಕೊಟ್ಟು, ಕಾಗದಗಳನ್ನು ಅಮಲ್ದಾರ ಸಾಹೇಬರ ರುಜುವಿಗೆ ಒಳಗೆ ಕಳಿಸಿದರು. ಪೆಟ್ಟಿಗೆಗೆ ಮೂರರಂತೆ ಹೆಬ್ಬೆಟ್ಟು ಒತ್ತಿ ಒತ್ತಿ ಅಜ್ಜನ ಬೆರಳು ಕಪ್ಪಾಗಿ ಹೋಗಿತ್ತು. ಅದನ್ನು ಕಂಬಳಿಗೆ ಒರೆಸಿಕೊಂಡು ಬೆಟ್ಟಕ್ಕೆ ಹೊರಟ.

ಎರಡು ತಿಂಗಳಿಗೆ ಏಜೆಂಟರಿಂದ ಇನ್ನೊಂದು ಕಾಗದ. ಸರ್ಟಿಫಿಕೇಟಿನಲ್ಲಿ ಮೈಸೂರು ಸಂಸ್ಥಾನ ಎಂದು ಬರೆದಿದೆ, ಈ ಮೈಸೂರು ಬ್ರಿಟಿಷ್ ಸಾಮ್ರಾಜ್ಯದ ಒಳಗಿದೆಯೋ ಹೊರಗಿದೆಯೋ ಎಂದು ಅಲ್ಲಿಯ ಸುಂಕದ ಕಟ್ಟೆಯಲ್ಲಿ ಯಾರೋ ಕೇಳಿದ್ದಾರೆ, ಇಂಡಿಯಾ ಎಂದು ಸೇರಿಸಿ ಮತ್ತೊಂದು ಸೆಟ್ಟು ಮಾಡಿಸಿ ಕಳಿಸಿ. ನಾನು ಓದಿ ಹೇಳಿದಾಗ ನನ್ನ ಗಂಡ ನಕ್ಕರು. ನನಗೆ ನಗು ಬರಲಿಲ್ಲ. ಮತ್ತೆ ಅಷ್ಟೂ ಕಾಗದ ಬರೆಯಬೇಕಾದವಳು ನಾನು. ಮತ್ತೆ ಬೆಟ್ಟ ಹತ್ತಬೇಕಾದವಳೂ ನಾನೇ.

"ಹೋದ ಸಲದ ಹೆಬ್ಬೆಟ್ಟು ಸಾಕಾಗ್ಲಿಲ್ವಾ?" ಎಂದು ಅಜ್ಜ ಕೇಳಿದ. ಆದರೂ ಬಂದ.

ಮುಂದಿನ ವರ್ಷಗಳಲ್ಲಿ ಇದೇ ಒಂದು ಪದ್ಧತಿಯಾಯಿತು. ಕುಯ್ಲು ಮುಗಿದು ಕಾಳು ಕೈಗೆ ಬರುವುದು, ಪೆಟ್ಟಿಗೆ ತುಂಬುವುದು, ಕಾಗದ ಬರೆಯುವುದು, ಬಸ್ಸು, ಬೆಟ್ಟ, ಕಚೇರಿಯ ಜಗಲಿ. ತೋಟಗಳಲ್ಲಿ ಕಾಫಿ ಹೂ ಬಿಟ್ಟು ಊರಿಗೆಲ್ಲ ಆ ವಾಸನೆ ತುಂಬಿಕೊಂಡಿರುವಾಗ ನಾನು ಬಾಗಿಲು ಹಾಕಿ ಒಳಗೆ ಕೂತು ಬರೆಯುತ್ತಿದ್ದೆ. ಎಷ್ಟು ಪೌಂಡು, ಎಷ್ಟು ಪೆಟ್ಟಿಗೆ, ಯಾರಿಂದ, ಯಾರಿಗೆ, ಯಾವ ಹಡಗು. ಒಂದೇ ಮಾತನ್ನು ಮೂರು ಸಲ. ನಡುವೆ ಅನ್ನಕ್ಕೆ ನೀರಿಡಲು ಏಳುವುದು, ಮತ್ತೆ ಬಂದು ಕೂರುವುದು. ಕೈಯ ಗಂಟು ನೋಯುತ್ತಿತ್ತು. ನನ್ನ ಗಂಡ ಇದನ್ನು ಕಂಡರೂ ಸಹಾಯ ಮಾಡುವ ಹಾಗಿರಲಿಲ್ಲ. ಅವರ ಇಂಗ್ಲಿಷ್ ಎಸ್ಟೇಟಿನ ಚೆಕ್‌ರೋಲಿನ ಇಂಗ್ಲಿಷ್, ಆಳುಗಳ ಹಾಜರಿ ದಾಟಿ ಮುಂದೆ ಹೋಗುತ್ತಿರಲಿಲ್ಲ.

ಅಂಥ ಒಂದು ದಿನ ಕೊನೆಯ ಪೆಟ್ಟಿಗೆಯ ಕಾಗದ ಬರೆಯುತ್ತಿದ್ದೆ. ಅದು ದೇವರಮನೆಯ ಕಡೆಯ ತೋಟವೊಂದರಲ್ಲಿ ಬಹಳ ವರ್ಷವಿದ್ದು, ಗಂಡ ತೀರಿಕೊಂಡ ಮೇಲೆ ವಿಲಾಯಿತಿಗೆ ಹೋಗಿದ್ದ ಒಬ್ಬ ಮುದಿ ದೊರೆಸಾನಿಯ ಪೆಟ್ಟಿಗೆ. ಎರಡು ಪ್ರತಿ ಮುಗಿಯಿತು. ಮೂರನೆಯದು ನಮ್ಮ ಫೈಲಿಗೆ ತಾನೇ, ಅದನ್ನು ಯಾರು ನೋಡುತ್ತಾರೆ ಎನ್ನಿಸಿತು. ಬರೆಯಲಿಲ್ಲ. ಲೇಖನಿ ತೊಳೆದು ಇಟ್ಟೆ. ಯಾರಿಗೂ ಹೇಳಲೂ ಇಲ್ಲ.

ಆ ಪೆಟ್ಟಿಗೆಯೇ ಹಿಂದಕ್ಕೆ ಬಂತು.

ಹೆಚ್ಚುಕಡಿಮೆ ಒಂದು ವರ್ಷವಾಗಿತ್ತು. ಮಂಗಳೂರಿನಿಂದ ಬಂದ ಕಾಗದದಲ್ಲಿ ಹೀಗಿತ್ತು: ತೆಗೆದುಕೊಳ್ಳಬೇಕಾದವರು ಬೇಡವೆಂದದ್ದರಿಂದ ನಿಮ್ಮ ಪೆಟ್ಟಿಗೆ ವಾಪಸು ಬಂದು ಸುಂಕದ ಕಟ್ಟೆಯ ಉಗ್ರಾಣದಲ್ಲಿದೆ. ಅದು ಹೊರದೇಶದಿಂದ ಬಂದ ಮಾಲಾದ್ದರಿಂದ ಆಮದು ಸುಂಕ ಕೊಡಬೇಕು. ಇಲ್ಲಿಂದಲೇ ಹೋದ ಮಾಲು ಎಂದರೆ ಅದಕ್ಕೆ ರುಜುವಾತು ಹಾಜರುಪಡಿಸಬೇಕು.

"ಅತ್ತಿಗುಂಡಿ ಕಾಫಿ ಮಂಗಳೂರಿಗೆ ಬಂದ್ರೆ ಅದಕ್ಕೂ ಸುಂಕವಾ?" ಎಂದರು ನನ್ನ ಗಂಡ. ಆಮೇಲೆ, "ನಮ್ಮ ಪ್ರತಿ ತೆಗಿ. ತೋರಿಸಿದ್ರೆ ಮುಗೀತು," ಎಂದರು.

ನಾನು ಫೈಲು ಬಿಚ್ಚಿ ಹುಡುಕಿದ ಹಾಗೆ ಮಾಡಿದೆ. "ಸಿಗ್ತಾ ಇಲ್ಲ," ಎಂದೆ. ಏಜೆಂಟರ ಪ್ರತಿ ಕೇಳೋಣವೆಂದರೆ, ಹಿಂದಿನ ವರ್ಷದ ಕಾಗದಗಳನ್ನೆಲ್ಲ ಗೆದ್ದಲು ಹಿಡಿಯಿತೆಂದು ಸುಟ್ಟುಬಿಟ್ಟಿದ್ದೇವೆ ಎಂದು ಅವರು ತಿಳಿಸಿದರು. ನನ್ನ ಗಂಡ ಅವರನ್ನು ಬೈದರು. ನಾನು ಒಲೆಯ ಮುಂದೆ ಕೂತು ಕೇಳಿಸಿಕೊಂಡೆ. ಬಾಯಿ ಬಿಟ್ಟು ಹೇಳಬೇಕೆಂದು ಎರಡು ಮೂರು ಸಲ ಎದ್ದೆ. ಹೇಳಲಾಗಲಿಲ್ಲ.

ಕೊನೆಗೆ ಇಬ್ಬರೂ ಮಂಗಳೂರಿಗೆ ಹೊರಟೆವು. ಸುಂಕದ ಕಟ್ಟೆ ಬಂದರಿನ ಹತ್ತಿರವೇ ಇತ್ತು. ಹೊರಗೆಲ್ಲ ಒಣಮೀನಿನ ವಾಸನೆ. ಒಳಗೆ ಮೇಜಿನ ಹಿಂದೆ ಕೂತಿದ್ದ ಅಧಿಕಾರಿಗೆ ನಡುವಯಸ್ಸು. ಕನ್ನಡಕ ತೆಗೆದು ಕಣ್ಣು ಒತ್ತಿಕೊಳ್ಳುತ್ತಿದ್ದರು. ನಮ್ಮ ಮಾತೆಲ್ಲ ಪೂರ್ತಿ ಕೇಳಿದರು.

"ನೀವು ಹೇಳುವುದು ಸರಿ ಇರಬಹುದು," ಎಂದರು. "ಆದರೆ ಕಾಗದ ಬೇಕಲ್ಲ. ಇಂಥ ಪೆಟ್ಟಿಗೆ ಬೇರೆ ದೇಶದ ಕಾಫಿ ತುಂಬಿಸಿಕೊಂಡೂ ಬರಬಹುದು."

"ಪೆಟ್ಟಿಗೆ ನೋಡಬಹುದೇ?" ಎಂದು ಕೇಳಿದೆ. ಅಲ್ಲಿಯವರೆಗೆ ನಾನು ಮಾತಾಡಿರಲಿಲ್ಲ.

ಉಗ್ರಾಣದಿಂದ ತಂದಿಟ್ಟರು. ಬಟ್ಟೆ ಕೊಳೆಯಾಗಿತ್ತು, ಮೇಲೆಲ್ಲ ಗುರುತು ಗೊತ್ತಾಗದ ಮುದ್ರೆಗಳು. ಆದರೆ ಹೊಲಿಗೆ ಒಂದೂ ಬಿಚ್ಚಿರಲಿಲ್ಲ. ವಿಳಾಸ ಮಸುಕಾಗಿದ್ದರೂ ಓದುವ ಹಾಗಿತ್ತು.

"ಇದನ್ನು ಹೊಲಿದವಳು ನಾನು. ಬರೆದವಳೂ ನಾನು," ಎಂದೆ. "ಹೊಲಿಗೆ ಬಿಚ್ಚದೆ ಒಳಗೆ ಬೇರೆ ಕಾಫಿ ಹಾಕಲು ಬರುವುದಿಲ್ಲ."

ಹೆಂಗಸೊಬ್ಬಳು ಇಂಗ್ಲಿಷ್ ವಿಳಾಸ ಬರೆದದ್ದು ಅವರಿಗೆ ನಂಬಿಕೆಯಾಗಿರಲಿಕ್ಕಿಲ್ಲ. ಒಂದು ಹಾಳೆಯನ್ನೂ ಲೇಖನಿಯನ್ನೂ ನನ್ನ ಕಡೆ ಸರಿಸಿದರು.

"ಪೆಟ್ಟಿಗೆಗೆ ಬೆನ್ನು ಹಾಕಿ ಕೂತು ಆ ವಿಳಾಸವನ್ನು ಬರೆಯಿರಿ."

ಪಕ್ಕದಲ್ಲಿ ನಿಂತಿದ್ದ ಗುಮಾಸ್ತರೊಬ್ಬರು ಕುರ್ಚಿ ಕೊಟ್ಟರು. ನಾನು ಬರೆದೆ. ಅಷ್ಟು ಸಲ ಬರೆದು ಅಭ್ಯಾಸವಾಗಿತ್ತು. ಅಧಿಕಾರಿ ಹಾಳೆ ಹಿಡಿದುಕೊಂಡು ಪೆಟ್ಟಿಗೆಯ ಹತ್ತಿರ ಬಗ್ಗಿ, ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ಹೋಲಿಸಿದರು. ಹೊಲಿಗೆಯ ಮೇಲೂ ಬೆರಳು ಆಡಿಸಿದರು. ಆಮೇಲೆ ಬಂದು ಕೂತು ಕಾಗದದ ಮೇಲೆ ಏನೋ ಬರೆದು ಮುದ್ರೆ ಒತ್ತಿದರು.

"ಇದು ನನ್ನ ಅಧಿಕಾರದೊಳಗೆ ಬರುವುದರಿಂದ ಬಿಡುತ್ತಿದ್ದೇನೆ," ಎಂದರು. "ಇನ್ನು ಮುಂದೆ ಒಂದು ಪ್ರತಿ ಇಟ್ಟುಕೊಳ್ಳಿ, ಅಮ್ಮ."

ನಾನು ತಲೆ ಆಡಿಸಿದೆ.

ಹೊರಗೆ ಬಂದು ಬಂದರಿನ ಕಟ್ಟೆಯ ಮೇಲೆ ಪೆಟ್ಟಿಗೆ ಇಟ್ಟುಕೊಂಡು ಲಾರಿಗೆ ಕಾಯುತ್ತಾ ಕೂತೆವು. ಬಿಸಿಲು ಜೋರಾಗಿತ್ತು. "ಆ ಪ್ರತಿ ಕಳೆದದ್ದಲ್ಲ," ಎಂದೆ. "ನಾನು ಬರೆಯಲೇ ಇಲ್ಲ."

"ಗೊತ್ತು," ಎಂದರು ನನ್ನ ಗಂಡ. "ಪೆಟ್ಟಿಗೆ ಕಳಿಸಿದ ವಾರವೇ ಫೈಲು ನೋಡಿದ್ದೆ."

"ಮತ್ತೆ ಆಗಲೇ ಯಾಕೆ ಕೇಳಲಿಲ್ಲ?"

ಅವರು ಸಮುದ್ರದ ಕಡೆ ನೋಡಿದರು. "ಕೇಳಿದ್ರೆ ನೀನು ಕೂತು ಬರೀತಿದ್ದೆ. ನಿನಗೂ ಸಾಕಾಗಿದೆ ಅಂತ ಗೊತ್ತಾಯ್ತು. ಒಂದು ಇಲ್ಲದಿದ್ರೆ ಏನಾಗ್ತದೆ ಅಂತ ನಾನೂ ಬಿಟ್ಟೆ. ಆಮೇಲೆ ಬರೆದಿಟ್ಟಿರ್ತೀಯೇನೋ ಅಂತ ಮೊನ್ನೆ ತೆಗಿ ಅಂದೆ."

ಏಜೆಂಟರನ್ನು ಅಷ್ಟು ಬೈದದ್ದು ಯಾಕೆ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ನನ್ನನ್ನು ಬೈಯದೆ ಇರಲು ಯಾರನ್ನಾದರೂ ಬೈಯಬೇಕಾಗಿತ್ತೇನೋ.

ಮನೆಗೆ ತಂದು ತೆರೆದರೆ ಕಾಳು ಸಮುದ್ರದ ತೇವಕ್ಕೆ ಬಿಳಿಚಿಕೊಂಡು ಊದಿತ್ತು. ಮಾರುವ ಹಾಗಿರಲಿಲ್ಲ. ಅಕ್ಕಪಕ್ಕದವರಿಗೆ ಹಂಚಿ, ಉಳಿದದ್ದನ್ನು ನಾವೇ ಹುರಿದು ಕುಡಿದೆವು. ಅಷ್ಟೇನೂ ಕೆಟ್ಟಿರಲಿಲ್ಲ.

ಆ ದೊರೆಸಾನಿ ಪೆಟ್ಟಿಗೆ ಏಕೆ ಬೇಡವೆಂದರೆಂದು ನಮಗೆ ತಿಳಿದಿರಲಿಲ್ಲ. ಸಿಟ್ಟಾಗಿರಬೇಕು ಎಂದುಕೊಂಡಿದ್ದೆವು. ಮಂಗಳೂರಿನಿಂದ ಬಂದ ತಿಂಗಳಲ್ಲೇ ಅವರ ಕಾಗದ ಬಂತು. ನಡುಗುವ ಕೈಯ ಬರಹ, ಓದಲು ಬಹಳ ಹೊತ್ತು ಬೇಕಾಯಿತು. ಪೆಟ್ಟಿಗೆ ಬಂದ ವಾರ ಸುಂಕ ಕೊಡುವಷ್ಟು ದುಡ್ಡು ಕೈಯಲ್ಲಿರಲಿಲ್ಲ, ತಂದವನ ಮುಂದೆ ಹಾಗೆ ಹೇಳಲು ನಾಚಿಕೆಯಾಗಿ, ನಾನು ಕಾಫಿ ತರಿಸಿಯೇ ಇಲ್ಲ ಎಂದುಬಿಟ್ಟೆ. ಅವನು ಗೇಟು ದಾಟುವವರೆಗೂ ಕಿಟಕಿಯಿಂದ ನೋಡುತ್ತಾ ನಿಂತಿದ್ದೆ. ನಿಮಗೆ ಇದರಿಂದ ತೊಂದರೆಯಾಗಿದ್ದರೆ ಕ್ಷಮಿಸಬೇಕು. ಇಷ್ಟು ಬರೆದಿದ್ದರು. ಮತ್ತೊಂದು ಪೆಟ್ಟಿಗೆ ಕೇಳಿರಲಿಲ್ಲ.

ನಾನು ಅರ್ಥ ಹೇಳಿ ಮುಗಿಸಿದೆ. ಮರುದಿನ ನನ್ನ ಗಂಡ ಏಜೆಂಟರಿಗೆ ಕಾಗದ ಬರೆಸಿದರು. ಲಂಡನ್ನಿನಲ್ಲಿ ನಿಮ್ಮವರು ಯಾರಿದ್ದಾರೋ ಅವರೇ ಎಲ್ಲ ಪೆಟ್ಟಿಗೆಗಳ ಸುಂಕವನ್ನೂ ಬಂದರಿನಲ್ಲೇ ಕಟ್ಟಿ ನಮ್ಮಿಂದ ವಸೂಲು ಮಾಡಿಕೊಳ್ಳಲು ಆಗುತ್ತದೆಯೇ ಎಂದು. ಆಗುತ್ತದೆ ಎಂದು ಉತ್ತರ ಬಂತು. ಇದನ್ನು ನಾವು ಮೊದಲ ವರ್ಷವೇ ಕೇಳಬಹುದಿತ್ತು. ಯಾರಿಗೂ ಹೊಳೆದಿರಲಿಲ್ಲ. ಆ ಸುಂಕವನ್ನು ಕಾಫಿಯ ಬೆಲೆಗೆ ಸೇರಿಸಿ ಎಲ್ಲ ಮನೆಗಳಿಗೂ ತಿಳಿಸಿದೆವು. ಯಾರೂ ಬೇಡವೆನ್ನಲಿಲ್ಲ. ಬಾಗಿಲಲ್ಲಿ ಯಾರೂ ಬಂದು ಕೇಳದಿದ್ದರೆ ಸಾಕು ಎಂದೇ ಹೆಚ್ಚಿನವರು ಬರೆದರು. ದೊರೆಸಾನಿಯ ಬೆಲೆಯನ್ನು ಮಾತ್ರ ಏರಿಸಲಿಲ್ಲ, ಅವರಿಗೆ ಏನೂ ತಿಳಿಸಲೂ ಇಲ್ಲ. ವಾಪಸು ಬಂದದ್ದಕ್ಕೆ ಬದಲಾಗಿ ಒಂದು ಸಣ್ಣ ಪೆಟ್ಟಿಗೆ ಕಳಿಸಿದೆವು. ಮೂರು ಪ್ರತಿಯನ್ನೂ ಬರೆದೆ.

ಅವರ ಮುಂದಿನ ಕಾಗದ ಚಿಕ್ಕದು. ಕಾಫಿ ಬಂತು, ಈ ಸಲ ತಂದವನು ಏನನ್ನೂ ಕೇಳಲಿಲ್ಲ, ಸರ್ಕಾರದವರು ಸುಂಕ ತೆಗೆದುಹಾಕಿದ್ದಾರೆಂದು ಕಾಣುತ್ತದೆ, ಒಳ್ಳೆಯದಾಯಿತು ಎಂದಿದ್ದರು. "ಏನಂತ ಬರೀಲಿ?" ಎಂದು ನನ್ನ ಗಂಡನನ್ನು ಕೇಳಿದೆ. "ಸಂತೋಷ ಅಂತ ಬರಿ," ಎಂದರು. ಹಾಗೇ ಬರೆದೆ.

ಎರಡು ಸಲ ಹಾಗೆ ಕಳಿಸಿರಬೇಕು. ಅಷ್ಟರಲ್ಲಿ ಯುದ್ಧ ಬಂತು. ಹಡಗುಗಳಲ್ಲಿ ಕಾಫಿಗೆ ಜಾಗವಿಲ್ಲವೆಂದು ಏಜೆಂಟರು ಬರೆದರು. ಆಮೇಲೆ, ಬೆಳೆದ ಕಾಫಿಯನ್ನೆಲ್ಲ ಸರ್ಕಾರ ಒಟ್ಟುಗೂಡಿಸಿ ಮಾರುವ ಪೂಲಿಗೇ ಕೊಡಬೇಕು, ಹೊರಗೆ ಮಾರಕೂಡದು ಎಂದಾಯಿತು. ನನ್ನ ಗಂಡ ಚಿಕ್ಕಮಗಳೂರಿನಲ್ಲಿ ಕಾಫಿ ಹದ ಮಾಡುವ ಒಂದು ಕ್ಯೂರಿಂಗ್ ವರ್ಕ್ಸಿನಲ್ಲಿ ಕಾಳು ಆರಿಸುವವರ ಮೇಲೆ ಮೇಸ್ತ್ರಿಯಾಗಿ ಸೇರಿದರು. ನಾವೂ ಅಲ್ಲಿಗೇ ಮನೆ ಬದಲಾಯಿಸಿದೆವು. ದೊರೆಸಾನಿಗೆ ಎರಡು ಕಾಗದ ಹಾಕಿದೆ. ಉತ್ತರ ಬರಲಿಲ್ಲ. ಮುಟ್ಟಿತೋ ಇಲ್ಲವೋ, ಇದ್ದರೋ ಇಲ್ಲವೋ.

ಮೊದಲ ಬಾರಿಗೆ ಆ ಬೇಸಿಗೆ ನನಗೆ ಬರೆಯುವುದೇನೂ ಇರಲಿಲ್ಲ. ವ್ಯಾಪಾರ ನಿಂತಿತೆಂದು ಅವರು ಮಂಕಾಗಿ ಓಡಾಡುತ್ತಿದ್ದರು. ಅವರ ಎದುರಿಗೆ ನಾನೂ ಮುಖ ಸಪ್ಪಗೆ ಮಾಡಿಕೊಂಡಿರುತ್ತಿದ್ದೆ. ಒಳಗೆ ಮಾತ್ರ ಹಗುರವಾಗಿತ್ತು. ಇದನ್ನು ಅವರು ಇರುವವರೆಗೂ ಹೇಳಲಿಲ್ಲ. ಅವರಿಗೆ ಅದೂ ಗೊತ್ತಿತ್ತೇನೋ, ಕೇಳಲಿಲ್ಲ.